ತೂಕ ಬಿಸಾಡಿ ಬಣ್ಣ ಹಿಡಿದವರು

"ಬಿಚ್ಚಬ್ಯಾಡ! ದಾರ ಮಾತ್ರ ಬಿಚ್ಚಬ್ಯಾಡ!"

ಕಳೆದ ವಾರ ಕೇರಳ ಗಡಿಯ ನಮ್ಮ ಕಾಡಂಚಿನ ಅಂಗನವಾಡಿಯಲ್ಲಿ ಪಕ್ಕದ ಮನೆಯ ದೇವಮ್ಮ ಕೂಗಿದ ಕೂಗಿಗೆ, ತೂಕ ನೋಡಲು ಕೂರಿಸಿದ್ದ ಮಕ್ಕಳೆಲ್ಲ ಒಟ್ಟಿಗೇ ಅಳಲು ಶುರುಮಾಡಿದವು. ಪಾಪ, ಟೀಚರ್ ಕೇಳಿದ್ದಿಷ್ಟೇ: ಮೊಮ್ಮಗಳು ಚಿಕ್ಕಿಯ ಉಡಿದಾರ ತೆಗೆಯಿರಿ. ಬರೀ ದಾರವೇ ಅದು? ಗೆಜ್ಜೆ, ತಾಯಿತ, ಹಳೇ ಬೆಳ್ಳಿ ಕಾಸು! ಆದರೆ ಕೂಸಿನ ಉಡಿದಾರ ಬಿಚ್ಚಿದರೆ ದೃಷ್ಟಿ ತಾಗುತ್ತದೆ ಅನ್ನುವುದು ನಮ್ಮವರ ನಂಬಿಕೆ. (ನನಗೂ ಇದೆ. ನಗಬೇಡಿ.)

ಸರಿ, ಗೆಜ್ಜೆ ಸಮೇತ ತೂಗಿದ್ದಾಯಿತು. ಹೋದ ತಿಂಗಳು ಚಾರ್ಟಿನಲ್ಲಿ ಕಡಿಮೆ ತೂಕದ ಹಳದಿಯಲ್ಲಿದ್ದ ಚಿಕ್ಕಿ ಗೆರೆ ದಾಟಿ ಹಸಿರಿಗೆ ಬಂದಳು.

"ನೋಡ್ದಾ, ನಮ್ ಕೂಸು ಪಾಸಾಯ್ತು!" ದೇವಮ್ಮ ಖುಷಿಗೆ ನನ್ನ ಬೆನ್ನಿಗೊಂದು ಗುದ್ದಿದರು.

ಪಾಸಾದದ್ದಕ್ಕೆ ಬಹುಮಾನ ಏನು ಗೊತ್ತೇ? ಹಳದಿ ಮಕ್ಕಳಿಗೆ ಕೊಡುವ ಹೆಚ್ಚುವರಿ ಆಹಾರದ ಪೊಟ್ಟಣ ಬಂದ್.

ನನಗೆ ಪಿತ್ತ ನೆತ್ತಿಗೇರಿತು. "ಟೀಚರೇ, ಕೂಸು ಗೆರೆ ಹತ್ರಾನೇ ಅದೆ, ಗೆಜ್ಜೆ ಬೇರೆ ಅದೆ ಅಂತ ಮೇಲಕ್ಕೆ ತಿಳ್ಸಿ."

"ಚೇಚೀ," ಟೀಚರ್ ಮಲಯಾಳದಲ್ಲಿ ನನ್ನನ್ನು ಅಕ್ಕ ಅಂದರು, "ಮೇಲಕ್ಕೆ ತೂಕ ಹೋಗೋದೇ ಇಲ್ಲ. ಫೋನಲ್ಲಿ ಮೂರೇ ಬಣ್ಣ. ಕೆಂಪು, ಹಳದಿ, ಹಸಿರು. ಒಂದು ಒತ್ತಿದ್ರೆ ಮುಗೀತು."

"ಮತ್ತೆ ತೂಕ?"

"ಅದನ್ನ ಯಾರು ಕೇಳ್ತಾರೆ?"

ಕೇಳಿದಿರಾ? ಕೂಸನ್ನು ತಕ್ಕಡಿಗೆ ಏರಿಸಿ, ಅಳಿಸಿ, ತೂಗಿ, ಕೊನೆಗೆ ಆ ತೂಕವನ್ನೇ ಬಿಸಾಡುವುದು! ಗೆರೆಗಿಂತ ಕೂದಲೆಳೆಯಷ್ಟು ಮೇಲಿರುವ ಚಿಕ್ಕಿಯೂ ಹಸಿರು. ಬಾವಲಿ ಚೆಕ್‌ಪೋಸ್ಟ್ ಬಳಿಯ ಅಂಗಡಿಯವರ ದುಂಡು ಮಗುವೂ ಹಸಿರು. ಕೂದಲೆಳೆಯಷ್ಟು ಕೆಳಗಿರುವ ಕೂಸು ಮಾತ್ರ ಬೇರೆ ಜಾತಿ! ಮಕ್ಕಳು ಮೆಟ್ಟಿಲು ಹತ್ತಿದ ಹಾಗೆ ಬೆಳೆಯುತ್ತಾರೆಯೇ? ಹಸಿರಿನೊಳಗೇ ಒಂದು ಕೂಸು ದಿನದಿನಕ್ಕೆ ಇಳಿಯುತ್ತಿದ್ದರೆ ಯಾರ ಕಣ್ಣಿಗೆ ಬೀಳಬೇಕು?

ಬಣ್ಣವೇ ಬೇಡ ಅನ್ನುತ್ತಿಲ್ಲ. ಓದು ಬಾರದ ತಾಯಿಗೂ ಕೆಂಪು ಕಂಡರೆ ಎದೆ ಧಸಕ್ಕೆನ್ನುತ್ತದೆ, ಒಳ್ಳೆಯದೇ. ಗೋಡೆಯ ಚಾರ್ಟಿಗೆ ಬಳಿಯಿರಿ. ಆದರೆ ತೂಕವನ್ನು ತೂಕವಾಗಿಯೇ ಇಟ್ಟುಕೊಳ್ಳಿ, ಪುಣ್ಯಾತ್ಮರೇ! ಗೆರೆಯನ್ನು ಆಮೇಲೆ ಎಲ್ಲಿ ಬೇಕಾದರೂ ಎಳೆಯಬಹುದು. ಎಸೆದ ತೂಕವನ್ನು ಎಲ್ಲಿಂದ ತರುತ್ತೀರಿ? ಎಲ್ಲರನ್ನೂ ಮೂರು ಡಬ್ಬಿಗೆ ತುಂಬಿದರೆ ರಿಪೋರ್ಟ್ ಚೆಂದ ಕಾಣುತ್ತದೆ, ನಿಜ. ರಿಪೋರ್ಟಿಗೆ ಹಸಿವಾಗುವುದಿಲ್ಲವಲ್ಲ!

ಅಲ್ಲೇ ನಿಂತಿದ್ದ ಚಿಕ್ಕಿಯ ಅಮ್ಮ ಸರಸು, ಪೊಟ್ಟಣಕ್ಕೆಂದು ತಂದಿದ್ದ ಖಾಲಿ ಚೀಲ ಮಡಚುತ್ತಾ ಮೆಲ್ಲಗೆ ಕೇಳಿದಳು:

"ಹಂಗಾರೆ ಟೀಚರೇ, ಪೊಟ್ಟಣ ಬೇಕಂದ್ರೆ ನನ್ ಮಗ್ಳು ಇನ್ನೂ ಒಸಿ ಸೊರಗ್ಬೇಕಾ?"