ಹಿತ್ತಲತನಕ ಕೇಳುವ ಡ್ರಮ್ಮು

ಇವತ್ತು ಬೆಳಿಗ್ಗೆ ಹಾವೇರಿಯ ಮಗಳ ಮನೆಯಲ್ಲಿ ಸ್ಟೀಲಿನ ತಾಟೊಂದು ನನ್ನ ಕೈಜಾರಿ ಬಿತ್ತು. ಬಿದ್ದದ್ದು ಸುಮ್ಮನಾಗದೆ ಗಿರಗಿರ ಸುತ್ತಿ, ಗಲಗಲ ನಡುಗಿ, ಆಮೇಲೆ ಮಲಗಿತು. ಪೇಪರು ಓದುತ್ತಿದ್ದ ಅಳಿಯ ತಲೆ ಸಹ ಎತ್ತಲಿಲ್ಲ. ತಾಟು ಬಿದ್ದರೆ ಎತ್ತಿ ತೊಳೆದಿಡಬೇಕು ಎಂಬ ತಿಳಿವಳಿಕೆ ಎಲ್ಲರಿಗೂ ಇರುತ್ತದೆ. ನಾನು ಮಾತ್ರ ಅದನ್ನು ಅಲ್ಲೇ ಬಿಟ್ಟು, ಮಗಳು ಎಲ್ಲಿದ್ದಾಳೆಂದು ನೋಡಲು ಓಡಿದೆ. ನಲವತ್ತು ದಾಟಿದ ಮಗಳು ಕನ್ನಡಿ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಳು.

ನೀವು ನಗಬಹುದು. ನಾನೂ ನಗುತ್ತೇನೆ, ಎದೆಬಡಿತ ಇಳಿದ ಮೇಲೆ.

ಆಗ ನಾವು ಬ್ಯಾಡಗಿಯಲ್ಲಿದ್ದೆವು. ನಮ್ಮವರದು ಕಿರಾಣಿ ಅಂಗಡಿ. ಮೆಣಸಿನಕಾಯಿ ಹಂಗಾಮು ಬಂತೆಂದರೆ ಬ್ಯಾಡಗಿಯಲ್ಲಿ ಊರಿಗೆ ಊರೇ ಸೀನುತ್ತದೆ. ಮದುವೆ ಮಾತುಕತೆಯನ್ನೂ ಮೂಗಿಗೆ ಸೆರಗು ಹಿಡಿದೇ ಮುಗಿಸುತ್ತೇವೆ. ಅಂಥ ಒಂದು ಮಧ್ಯಾಹ್ನ ಏಳು ವರ್ಷದ ಮಗಳು ಶೈಲಾ ಅಂಗಳದಲ್ಲಿ ಬಿದ್ದು ಕೈಕಾಲು ಸೆಟೆಸಿದಾಗ, ಘಾಟು ನೆತ್ತಿಗೇರಿತೆಂದೇ ನಾನು ತಿಳಿದಿದ್ದೆ. ಹುಬ್ಬಳ್ಳಿಯ ಡಾಕ್ಟರರು ಫಿಟ್ಸ್ ಅಂದರು, ಗುಳಿಗೆ ಬರೆದುಕೊಟ್ಟರು. ಬಾವಿ ಹತ್ತಿರ ಬಿಡಬೇಡಿ, ಒಲೆ ಹತ್ತಿರ ಬಿಡಬೇಡಿ ಎಂದರು. ನಾನು ಅದಕ್ಕೆ ನನ್ನದಿಷ್ಟು ಸೇರಿಸಿಕೊಂಡೆ. ಬಚ್ಚಲಮನೆಯ ಚಿಲಕ ಕೀಳಿಸಿದೆ. ಅವಳು ಓದಲು ಕೂತರೆ ನಾನು ಎದುರಿಗೆ ಅಕ್ಕಿ ಆರಿಸುತ್ತ ಕೂತೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದ್ದೂ ಉಂಟು. ಒಂದು ಗಳಿಗೆ ಒಬ್ಬಳೇ ಇರುವುದೆಂದರೆ ಏನೆಂದು ಆ ಮಗುವಿಗೆ ತಿಳಿದಿರಲಿಲ್ಲ.

ನಮ್ಮ ಓಣಿಯಲ್ಲಿದ್ದ ತಮ್ಮ ತಂಗಿಯ ಮನೆಗೆ ರಾಣೆಬೆನ್ನೂರಿನಿಂದ ಇಮಾಮಸಾಬರು ವಾರಕ್ಕೊಮ್ಮೆ ಬರುತ್ತಿದ್ದರು. ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸಿ ವಯಸ್ಸಾದವರು. ಶೈಲಾ ಅವರ ಬೆನ್ನು ಹತ್ತಿದಳು. ತಲೆದಿಂಬು, ಡಾಲ್ಡಾ ಡಬ್ಬಿ, ಕೊಡದ ಮುಚ್ಚಳ ಇಟ್ಟುಕೊಂಡು ಅವರು ಕಲಿಸತೊಡಗಿದರು. ದಿಂಬಿನ ಸಪ್ಪಳಕ್ಕೆ ನನ್ನ ತಕರಾರಿರಲಿಲ್ಲ. ಆದರೆ ವರ್ಷ ತುಂಬುವ ಹೊತ್ತಿಗೆ ಅವರು, "ಅಕ್ಕಾರ, ಇನ್ನ ದಿಂಬಿನ ಮ್ಯಾಲೆ ಸಾಕ್ರಿ. ಹುಡುಗಿ ಕೈ ಚಲೋ ಐತಿ. ನಾ ಆರ್ಕೆಸ್ಟ್ರಾ ಬಿಟ್ಟೇನಿ. ಮನ್ಯಾಗ ಎರಡು ಸೆಟ್ ಅದಾವ, ಒಂದು ಕೊಡ್ತೇನಿ, ಬಂದು ನೋಡ್ರಿ" ಎಂದರು.

ಸಪ್ಪಳಕ್ಕೆ ಫಿಟ್ಸ್ ಬಂದರೆ? ನಮ್ಮವರು ಡಾಕ್ಟರರನ್ನು ಕೇಳಿ ಬಂದರು. ಸಪ್ಪಳದಿಂದ ಬರುವ ಜಾತಿಯದಲ್ಲ ಇವಳದು, ಆದರೂ ಒಂದು ಕಣ್ಣಿರಲಿ ಅಂದರಂತೆ. ಡಾಕ್ಟರರ ಮಾತಿನಲ್ಲಿ ನನಗೆ ಕೇಳಿಸಿದ್ದು ಆ 'ಆದರೂ' ಒಂದೇ.

ರಾಣೆಬೆನ್ನೂರಿನ ಬಸ್ಸಿನಲ್ಲಿ ಶೈಲಾ ವಾಂತಿ ಮಾಡಿಕೊಂಡಳು. ಬಸ್ಸೆಂದರೆ ಅವಳಿಗೆ ಯಾವಾಗಲೂ ಹಾಗೆಯೇ, ಯಾರೂ ಹೆಚ್ಚು ಯೋಚಿಸಲಿಲ್ಲ.

ಇಮಾಮಸಾಬರ ಪಡಸಾಲೆಯಲ್ಲಿ ಎರಡೂ ಸೆಟ್ಟುಗಳು ಎದುರುಬದುರು ಕೂತಿದ್ದವು. ಒಂದು ಸಣ್ಣದು, ಬಣ್ಣ ಹೋದದ್ದು, ಬಡಿದರೆ ಹಾಸಿಗೆ ಜಾಡಿಸಿದಂತೆ ಧಬ್ ಅನ್ನುವಂಥದು. ಇನ್ನೊಂದು ಆರ್ಕೆಸ್ಟ್ರಾದ್ದು. ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ಮು, ಮೇಲೆ ತೂಗುವ ಎರಡು ಕಂಚಿನ ತಾಳ. ಆ ತಾಳಗಳ ಅಂಚು, ಡ್ರಮ್ಮುಗಳ ಕಬ್ಬಿಣದ ಬಳೆ, ಸ್ಟ್ಯಾಂಡಿನ ಮೊನೆ ನೋಡುತ್ತ ನಾನು, ಬಿದ್ದರೆ ಹಣೆ ಎಲ್ಲಿ ತಾಗುತ್ತದೆ, ಕಣ್ಣು ಎಲ್ಲಿ ತಾಗುತ್ತದೆ ಎಂದು ಅಳೆಯುತ್ತ ನಿಂತೆ.

"ಸಣ್ಣದ ಸಾಕು" ಎಂದೆ.

"ಎರಡೂ ಬಾರಿಸಿ ನೋಡಲಿ ಬಿಡ್ರಿ" ಎಂದರು ಇಮಾಮಸಾಬರು.

ಶೈಲಾ ಸಣ್ಣದನ್ನು ಬಾರಿಸಿ ದೊಡ್ಡದರ ಮುಂದೆ ಕೂತಳು. ಮೊದಲ ಪೆಟ್ಟಿಗೇ ಗೂಡಿನಲ್ಲಿದ್ದ ಕಪ್ಪು-ಬಸಿಗಳು ಅದುರಿದವು. ನನಗೆ ನೋಡುತ್ತ ನಿಲ್ಲಲಾಗಲಿಲ್ಲ. ಚಹಾ ಮಾಡುತ್ತಿದ್ದ ಇಮಾಮಸಾಬರ ಹೆಂಡತಿಯ ಹತ್ತಿರ ಒಳಗೆ ಹೋಗಿ, ಗೋಡೆಗೊರಗಿ, ಕಣ್ಣು ಮುಚ್ಚಿಕೊಂಡೆ. ಕಣ್ಣು ಮುಚ್ಚಿದರೂ ಸಪ್ಪಳದಲ್ಲಿ ಅವಳು ಕಾಣುತ್ತಲೇ ಇದ್ದಳು: ಈಗ ಬಲಗೈ, ಈಗ ಎಡಗೈ, ಈಗ ಕಾಲು. ಇದ್ದಕ್ಕಿದ್ದಂತೆ ಎಡಗೈ ಇಲ್ಲವಾಯಿತು. ಬಲಗೈ ಒಂದು ಪೆಟ್ಟು ತಪ್ಪಿತು. ನಾನು ಓಡಿದೆ. ನಮ್ಮವರೂ ಇಮಾಮಸಾಬರೂ ಅವಳ ಎದುರಿಗೇ ನಿಂತಿದ್ದರು. ಅವರ ಪಾಲಿಗೆ ಅವಳಿನ್ನೂ ಬಾರಿಸುತ್ತಿದ್ದಳು. ಸ್ಟೂಲಿನಿಂದ ಪಕ್ಕಕ್ಕೆ ವಾಲಿದ ತಲೆ ಕಬ್ಬಿಣಕ್ಕೆ ತಾಗುವ ಮೊದಲು ನನ್ನ ಅಂಗೈಗೆ ಬಂತು.

ಮಗ್ಗುಲಾಗಿ ಮಲಗಿಸಿದೆ. ಇಮಾಮಸಾಬರ ಹೆಂಡತಿ ಬೀಗದ ಕೈಗೊಂಚಲು ತಂದು ಅವಳ ಮುಷ್ಟಿಗೆ ಹಿಡಿಸಿದಳು. ಅದರಿಂದ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಇರಲಿ ಎಂದು ಬಿಟ್ಟೆ. ಎಷ್ಟು ಹೊತ್ತಾಯಿತೋ, ಶೈಲಾ ಕಣ್ಣು ಬಿಟ್ಟಳು. ನಮ್ಮವರ ಮುಖ ಸುಣ್ಣವಾಗಿತ್ತು. "ಸಾಕು ನಡೀರಿ. ಈ ಡ್ರಮ್ಮೂ ಬ್ಯಾಡ, ಏನೂ ಬ್ಯಾಡ" ಎಂದರು.

ಮಗಳು ನನ್ನ ತೊಡೆಯ ಮೇಲಿಂದಲೇ, "ಅವ್ವಾ, ಗುಳಿಗಿ ವಾಂತ್ಯಾಗ ಹೋಗೇತಿ. ಡ್ರಮ್ಮಿಂದಲ್ಲ" ಎಂದಳು.

ಇರಬಹುದು, ಇರದೆಯೂ ಇರಬಹುದು. ಆದರೆ ನನ್ನ ತಲೆಯಲ್ಲಿ ಬೇರೇನೋ ಓಡುತ್ತಿತ್ತು. ಎದುರಿಗೆ ನಿಂತ ಇಬ್ಬರಿಗೆ ಕಾಣದ್ದು ಒಳಗಿದ್ದ ನನಗೆ ಕೇಳಿಸಿತ್ತು.

"ದೊಡ್ಡದನ್ನ ಕೊಡ್ರಿ" ಎಂದೆ.

"ತಲಿ ಕೆಟ್ಟೈತೇನ ನಿನಗ?" ನಮ್ಮವರು ರೇಗಿದರು.

"ಸಣ್ಣದು ಪಡಸಾಲಿ ದಾಟಂಗಿಲ್ರಿ. ಇದು ಹಿತ್ತಲತನಾ ಕೇಳಸ್ತೇತಿ."

ಇಮಾಮಸಾಬರು ಕಬ್ಬಿಣದ ಬಳೆಗಳಿಗೆಲ್ಲ ಹಳೆಯ ಸೈಕಲ್ ಟ್ಯೂಬು ಸುತ್ತತೊಡಗಿದರು.

ಸ್ಟೂಲು ಗಿಡ್ಡ ಮಾಡಿಸಿ, ಸುತ್ತಲೂ ಗಾದಿ ಹಾಸಿ, ಅಟ್ಟದ ಕೋಣೆಯಲ್ಲಿ ಸೆಟ್ಟು ಹೂಡಿದೆವು. ಮೊದಲ ದಿನ ಶೈಲಾ ಬಾಗಿಲು ಮುಂದಕ್ಕೆ ತಳ್ಳಿ, ನನ್ನ ಮುಖ ನೋಡಿ, ಮುಚ್ಚಿದಳು. ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆದೆ. ಅಂಜಿಕೆ ಹೋಗಿರಲಿಲ್ಲ, ಕಣ್ಣಿನಿಂದ ಕಿವಿಗೆ ಜಾಗ ಬದಲಿಸಿತ್ತು ಅಷ್ಟೆ. ನೆರೆಯವರು ಬೈದರು, ಬೈಸಿಕೊಂಡೆ. ನೀರು ಕುಡಿಯಲು ನಿಲ್ಲಿಸಿದರೂ ಸೋಪಿನ ಕೈಯಲ್ಲೇ ಮೆಟ್ಟಿಲು ಹತ್ತಿ ಬಂದ ನನ್ನನ್ನು ನೋಡಿ ಅವಳು ರೇಗುತ್ತಿದ್ದಳು. ಆಮೇಲೂ ಫಿಟ್ಸ್ ಬಂದವು, ಸಪ್ಪಳ ತಪ್ಪಿದೊಡನೆ ಮೆಟ್ಟಿಲು ಹತ್ತಿ ಹೊತ್ತಿಗೆ ಸರಿಯಾಗಿ ಮುಟ್ಟಿದೆ. ಅವಳು ಕಾಲೇಜು ಸೇರುವ ಹೊತ್ತಿಗೆ ಬರುವುದು ನಿಂತಿತು. ಡಾಕ್ಟರರು ನಿಧಾನವಾಗಿ ಗುಳಿಗೆ ಬಿಡಿಸಿದರು.

ಈಗ ಅವಳು ಮನೆಯಲ್ಲೇ ಮಕ್ಕಳಿಗೆ ಡ್ರಮ್ ಕಲಿಸುತ್ತಾಳೆ. ಇವತ್ತು ಮಧ್ಯಾಹ್ನ ಗುತ್ತಲದಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದಳು. ಹೊಸ ಸೆಟ್ಟು ಯಾವುದು ಕೊಳ್ಳಬೇಕೆಂದು ಕೇಳಿ, ದನಿ ತಗ್ಗಿಸಿ, "ನಮ್ಮ ಹುಡುಗಿಗೆ ಫಿಟ್ಸ್ ಬರ್ತಾವ್ರೀ" ಎಂದಳು. ಶೈಲಾ ನನ್ನ ಕಡೆ ಕೈ ತೋರಿಸಿದಳು. "ನಮ್ಮ ಅವ್ವನ್ನ ಕೇಳ್ರಿ."

ಆ ತಾಯಿ ಕೇಳಿದ್ದು ಸೆಟ್ಟಿನ ವಿಷಯವನ್ನಲ್ಲ. "ಅಂಜಿಕಿ ಯಾವಾಗ ಹೋಗ್ತೇತ್ರಿ ಅಮ್ಮಾ?" ಎಂದಳು.

ಸುಳ್ಳು ಹೇಳಬೇಕೆನ್ನಿಸಿತು. ಬೆಳಿಗ್ಗೆ ತಾನೇ ತಾಟಿನ ಸಪ್ಪಳಕ್ಕೆ ಓಡಿದವಳು ಹೇಗೆ ಹೇಳಲಿ? "ಗೊತ್ತಿಲ್ಲ ತಂಗಿ" ಎಂದೆ.

ಒಳಗೆ ಅವಳ ಮಗಳು ಸ್ಟೂಲು ಹತ್ತಿ ಕೋಲು ಎತ್ತಿದಳು. ತಾಯಿ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. ಮೊದಲ ಪೆಟ್ಟು ಬಿತ್ತು, ಎರಡನೆಯದು ಬಿತ್ತು. ನಮ್ಮಿಬ್ಬರ ಕೈ ನಡುಗುತ್ತಿತ್ತು. ಆ ನಡುಕ ಅವಳದು, ನನ್ನದಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.