ತೂಕ ಕೂಗುವ ಸಿಸ್ಟರ್

ಐದು ಶಾಲೆಗಳಿಗೆ ಆಕೆ ಒಬ್ಬರೇ ನರ್ಸ್. ದಿನಕ್ಕೊಂದು ಶಾಲೆಯಂತೆ ವಾರ ಮುಗಿಯುತ್ತದೆ. ವಯಸ್ಸು ಐವತ್ತೇಳು. ಭುಜಕ್ಕೆ ತೂಗುಹಾಕಿದ ಚೀಲದಲ್ಲಿ ಅಳತೆ ಟೇಪು, ಥರ್ಮಾಮೀಟರು, ಹತ್ತಿ, ಬ್ಯಾಂಡೇಜು. ಆದರೆ ಮಕ್ಕಳ ಮಟ್ಟಿಗೆ ಆಕೆಯ ಮುಖ್ಯ ಸಲಕರಣೆ ಗಂಟಲು. ಆ ದನಿ ಕಾರಿಡಾರಿನ ಆ ತುದಿಯಲ್ಲಿ ಕೇಳಿದರೆ ಸಾಕು, ಈ ತುದಿಯ ತರಗತಿಯಲ್ಲಿ ಮಕ್ಕಳು ತಮ್ಮ ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು. ಮೈಕ್ ಸಿಸ್ಟರ್ ಎಂದು ಹೆಸರಿಟ್ಟವರೂ ಅವರೇ.

“ಬುಧವಾರ ನಾನು ಸೀಟಿ ತರೋದೇ ಇಲ್ಲ, ಸಿಸ್ಟರ್ ಇರ್ತಾರಲ್ಲ,” ಎನ್ನುತ್ತಿದ್ದರು ಬುಧವಾರದ ಶಾಲೆಯ ಪಿ.ಟಿ. ಮೇಷ್ಟ್ರು.

ಆಕೆಗೆ ಇದು ಹೊಗಳಿಕೆಯಂತೆಯೇ ಕೇಳುತ್ತಿತ್ತು. ಆ ದನಿ ಸುಮ್ಮನೆ ಬಂದದ್ದಲ್ಲ. ನೌಕರಿಯ ಮೊದಲ ಹನ್ನೊಂದು ವರ್ಷ ಆಕೆ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿದ್ದರು. ಅಲ್ಲಿಗೆ ಬರುತ್ತಿದ್ದವು ಎಲುಬು ಎಣಿಸಬಹುದಾದ ಕೂಸುಗಳು. ತಕ್ಕಡಿಯ ಮೇಲೆ ಮಲಗಿಸಿದ ಮಗು ಕಳೆದ ವಾರಕ್ಕಿಂತ ನೂರು ಗ್ರಾಂ ಹೆಚ್ಚಿದ್ದರೆ ಆ ಅಂಕಿಯನ್ನು ವಾರ್ಡಿಗೆಲ್ಲ ಕೇಳುವಂತೆ ಕೂಗುವುದು ಅಲ್ಲಿನ ರೂಢಿ. ಕೂಗಿದೊಡನೆ ತಾಯಿಯ ಮುಖ ಅರಳುತ್ತಿತ್ತು, ಪಕ್ಕದ ಹಾಸಿಗೆಯ ತಾಯಿ ತನ್ನ ಸರದಿಗೆ ಕಾಯುತ್ತಿದ್ದಳು. ತೂಕ ಕೂಗುವುದೆಂದರೆ ಆಗ ಶಹಬ್ಬಾಸ್ ಹೇಳಿದಂತೆ. ಶಾಲೆಗಳಿಗೆ ಬಂದ ಮೇಲೂ ಮೊದಮೊದಲು ಸಣಕಲು ಮಕ್ಕಳನ್ನು ಹುಡುಕುವುದೇ ಕೆಲಸವಾಗಿತ್ತು. ಇತ್ತೀಚೆಗೆ ಇಲಾಖೆಯ ಕಾಗದಗಳು ಬೇರೆ ಮಾತಾಡತೊಡಗಿದ್ದವು. ಮಕ್ಕಳು ಕೂತಲ್ಲೇ ಕೂತು ದಪ್ಪಗಾಗುತ್ತಿದ್ದಾರೆ, ಅಂಥವರನ್ನು ಗುರುತಿಸಿ ಆಟಕ್ಕೆ ಹಚ್ಚಿ ಎಂದು. ಸಿಸ್ಟರ್ ಕಾಗದ ಓದಿ ಫೈಲಿಗೆ ಹಾಕಿದರು. ಹುಡುಕಬೇಕಾದ ಮಗು ಬದಲಾಯಿತು, ಕೂಗು ಮಾತ್ರ ಹಾಗೇ ಉಳಿಯಿತು.

ಮನೆಯಲ್ಲಿ ಆ ದನಿಗೆ ಕೆಲಸವಿರಲಿಲ್ಲ. ಎರಡನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಎರಡು ಕುರ್ಚಿ. ಒಂದರಲ್ಲಿ ಆಕೆ ಕೂರುತ್ತಿದ್ದರು, ಇನ್ನೊಂದರ ಮೇಲೆ ಒಗೆದ ಬಟ್ಟೆ ಕೂರುತ್ತಿತ್ತು. ಆ ಕುರ್ಚಿಯಲ್ಲಿ ನಾಲ್ಕು ವರ್ಷದ ಹಿಂದಿನವರೆಗೆ ಕಿವಿ ಮಂದವಾದ ತಾಯಿ ಕೂರುತ್ತಿದ್ದರು. ಶನಿವಾರ ಹಾಲಿನವನಿಗೆ “ಅರ್ಧ ಲೀಟರ್ ಸಾಕು” ಅಂದರೆ ಇಡೀ ದಿನಕ್ಕೆ ಅದೊಂದೇ ಮಾತು. ಭಾನುವಾರ ಬೆಳಿಗ್ಗೆ ತಮ್ಮ ಫೋನ್ ಮಾಡುತ್ತಿದ್ದ.

“ಅಕ್ಕಾ, ಸ್ವಲ್ಪ ಮೆಲ್ಲಗೆ. ಫೋನ್ ಇಲ್ದಿದ್ರೂ ನಂಗೆ ಕೇಳ್ಸುತ್ತೆ.”

“ಹಂಗಾದ್ರೆ ಇಡು, ದುಡ್ಡು ಉಳೀತು.”

ಇಬ್ಬರೂ ನಗುತ್ತಿದ್ದರು. ಮೂರು ನಿಮಿಷಕ್ಕೆಲ್ಲ ಫೋನ್ ಇಟ್ಟಾಗಿರುತ್ತಿತ್ತು.

ಬುಧವಾರದ ಶಾಲೆಯಲ್ಲಿ ತೂಕ ನೋಡುವುದು ಹೊಲಿಗೆ ಕೋಣೆಯಲ್ಲಿ. ಕಿಟಕಿಯ ಬಳಿ ನೆಲ ಏರುಪೇರು, ಹಾಗಾಗಿ ತೂಕದ ಯಂತ್ರ ಬಾಗಿಲ ಬಳಿ. ಬಾಗಿಲ ಬಳಿ ಬೆಳಕು ಸಾಲದು, ಹಾಗಾಗಿ ರಿಜಿಸ್ಟರ್ ಕಿಟಕಿಯ ಬಳಿ. ನಡುವೆ ಹದಿನೈದು ಹೆಜ್ಜೆ, ಎರಡು ಸಾಲು ಹೊಲಿಗೆ ಯಂತ್ರ, ಸರದಿಗೆ ಕಾದ ಇಡೀ ತರಗತಿ. ಸಿಸ್ಟರ್ ಕೂಗುತ್ತಿದ್ದರು, ಹೊಲಿಗೆ ಟೀಚರ್ ಬರೆದುಕೊಳ್ಳುತ್ತಿದ್ದರು. ಶಾಲೆ ಶುರುವಾದ ಎರಡನೇ ವಾರ ಆರನೇ ತರಗತಿ ಬಂದಾಗಲೂ ಹಾಗೇ ಆಯಿತು. ಬಸ್ ಡ್ರೈವರ ಮಗಳು ಯಂತ್ರ ಹತ್ತಿದಳು.

“ಐವತ್ತೆಂಟು.”

“ಸರಿಯಾಗಿ ನೋಡಿ ಸಿಸ್ಟರ್,” ಎಂದರು ಹೊಲಿಗೆ ಟೀಚರ್ ತಲೆಯೆತ್ತಿ.

“ಸರಿಯಾಗೇ ನೋಡಿದೀನಿ. ಐವತ್ತೆಂಟು. ಬರ್ಕೊಳ್ಳಿ.” ಆಮೇಲೆ ಹುಡುಗಿಯ ಬೆನ್ನು ತಟ್ಟಿ, ಅಷ್ಟೇ ದೊಡ್ಡ ದನಿಯಲ್ಲಿ, “ಚೆನ್ನಾಗಿ ಓಡಾಡ್ಬೇಕು ಮಗಳೇ. ದಿನಾ ಆಟ ಆಡ್ಬೇಕು,” ಎಂದರು. ಹೊಲಿಗೆ ಯಂತ್ರಗಳ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸಿಸ್ಟರ್ ಮುಂದಿನ ಮಗುವನ್ನು ಕರೆದರು.

ಐದು ತಿಂಗಳ ನಂತರ ಎರಡನೇ ಸಲ ತೂಕ ನೋಡುವಾಗ ಆರನೇ ತರಗತಿಯಲ್ಲಿ ಒಂದು ತಲೆ ಕಡಿಮೆ ಬಂತು.

“ಬಿಡಿ, ಗೈರುಹಾಜರಿ ಅಂತ ಬರೀತೀನಿ,” ಎಂದರು ಹೊಲಿಗೆ ಟೀಚರ್.

ಸಿಸ್ಟರ್ ತರಗತಿಗೆ ಹೋಗಿ ನೋಡಿದರೆ ಡ್ರೈವರ ಮಗಳ ಬ್ಯಾಗು ಬೆಂಚಿನ ಮೇಲಿತ್ತು. ಪಿ.ಟಿ. ಮೇಷ್ಟ್ರನ್ನು ಕೇಳಿದರು. “ಆಟದ ಪೀರಿಯಡ್ಡಿಗೂ ಬರಲ್ಲ ಸಿಸ್ಟರ್, ವಾರಕ್ಕೆ ಮೂರು ಸಲ ಹೊಟ್ಟೆನೋವು ಅಂತಾಳೆ. ಒಳ್ಳೇ ಗೋಲ್‌ಕೀಪರ್ ಆಗಿದ್ಳು. ಹೋದ ವರ್ಷ ಅವಳ ಕೈ ತಪ್ಪಿಸಿ ಒಂದು ಬಾಲ್ ಒಳಗೆ ಹೋಗ್ತಿರಲಿಲ್ಲ.”

ಮೆಟ್ಟಿಲ ಕೆಳಗೆ, ಕಸರತ್ತಿನ ಹಳೇ ಹಾಸುಗಳನ್ನು ಪೇರಿಸಿಟ್ಟ ಕತ್ತಲೆ ಮೂಲೆಯಲ್ಲಿ ಹುಡುಗಿ ಸಿಕ್ಕಳು.

“ಇಲ್ಲೇನೇ ಮಾಡ್ತಿದೀಯಾ?”

“ಮೆಲ್ಲಗೆ, ಸಿಸ್ಟರ್.”

ಸಿಸ್ಟರ್ ಅಭ್ಯಾಸವಿಲ್ಲದ ದನಿಯಲ್ಲಿ ಕೇಳಿದರು, “ಗೋಲಲ್ಲಿ ನಿಲ್ತಿದ್ದೆಯಂತೆ. ಈಗ ಯಾಕೆ ಹೋಗಲ್ಲ?”

“ಬಾಲ್ ಹಿಡಿದ್ರೆ ಐವತ್ತೆಂಟು ಹಿಡಿದ್ಳು ಅಂತಾರೆ. ಬಿಟ್ರೆ ಐವತ್ತೆಂಟು ಬಿಟ್ಳು ಅಂತಾರೆ.”

“ಯಾರು ಹಂಗನ್ನೋದು? ಹೇಳು, ನಾನು ವಿಚಾರಿಸ್ಕೋತೀನಿ.”

ಹುಡುಗಿ ಹಾಸಿನ ಕಿತ್ತುಹೋದ ದಾರವನ್ನು ಬೆರಳಿಗೆ ಸುತ್ತಿಕೊಂಡಳು. “ಅವರಿಗೆ ಹೇಗೆ ಗೊತ್ತಾಯ್ತು, ಸಿಸ್ಟರ್?”

ಕೋಪವಿಲ್ಲದೆ, ಗಂಟೆ ಎಷ್ಟು ಎಂದು ಕೇಳುವ ಹಾಗೆ ಕೇಳಿದಳು. ಸಿಸ್ಟರ್ ಹಾಸಿನ ಮೇಲೆ ಕೂತರು. ಬೆಲ್ ಹೊಡೆದಾಗ ಹುಡುಗಿ ಎದ್ದು ಹೋದಳು.

ಆ ಸಂಜೆ ಅಡುಗೆಮನೆಯಲ್ಲಿ ನಿಂತು ಆಕೆ ಮೆಲುದನಿಯಲ್ಲಿ ಮಾತಾಡಿ ನೋಡಿದರು. ಹೆಸರು, ತರಗತಿ, ಬಾ ಮಗಳೇ, ಇಳಿ ಮಗಳೇ. ಸರಿಯಾಗಿ ಬಂತೋ ಇಲ್ಲವೋ ಎಂದು ಹೇಳಲು ಆಚೆ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಮುಂದಿನ ಬುಧವಾರ ರಿಜಿಸ್ಟರ್ ಬಾಗಿಲ ಬಳಿ ಬಂತು.

“ಇಲ್ಲಿ ಬೆಳಕೆಲ್ಲಿದೆ? ನಂಗೇನೂ ಕಾಣಲ್ಲ,” ಎಂದರು ಹೊಲಿಗೆ ಟೀಚರ್.

“ನಿಮಗೆ ಕಾಣೋದು ಬೇಡ. ನಾನೇ ಬರ್ಕೋತೀನಿ.”

“ಇಷ್ಟು ವರ್ಷ ಇಲ್ಲದ್ದು ಈಗೇನು ಹೊಸದು?”

“ಇಷ್ಟು ವರ್ಷ ತಪ್ಪು ಮಾಡಿದೆ,” ಎಂದರು ಸಿಸ್ಟರ್. ಹೊಲಿಗೆ ಟೀಚರ್ ಪೆನ್ನನ್ನು ಆಕೆಯ ಕೈಗೆ ಕೊಟ್ಟರು.

ಕೋಣೆ ಖಾಲಿಯಾದ ಮೇಲೆ ಡ್ರೈವರ ಮಗಳನ್ನು ಒಬ್ಬಳನ್ನೇ ಕರೆದು, ತೂಕದ ಯಂತ್ರದ ಮುಳ್ಳಿಗೆ ಬೆನ್ನು ಹಾಕಿ ನಿಲ್ಲಿಸಿದರು. ಅರವತ್ತಮೂರು. ಬೆಳೆಯುವ ವಯಸ್ಸು, ನಿಜ. ಆದರೆ ಐದು ತಿಂಗಳಲ್ಲಿ ಎತ್ತರ ಒಂದು ಬೆರಳೂ ಏರಿರಲಿಲ್ಲ. ಆಟಕ್ಕೆ ಹಚ್ಚಲೆಂದು ಕೂಗಿದ ಅಂಕಿಯೇ ಹುಡುಗಿಯನ್ನು ಆಟದಿಂದ ಓಡಿಸಿತ್ತು. ಇನ್ನೊಂದು ವರ್ಷ ಆ ಮೆಟ್ಟಿಲ ಕೆಳಗೆ ಕೂತರೆ ಆಮೇಲೆ ಅವಳನ್ನು ಯಾರೂ ಹೊರಗೆ ತರಲಾರರು. ಇದು ಸಿಸ್ಟರಿಗೆ ಇಲಾಖೆಯ ಕಾಗದವಿಲ್ಲದೆಯೇ ಗೊತ್ತಿತ್ತು.

“ಗ್ರೌಂಡಿಗೆ ಹೋಗು ಅನ್ನಲ್ಲ,” ಎಂದರು. “ಆಟದ ಪೀರಿಯಡ್ಡಲ್ಲಿ ನನ್ ಜೊತೆ ನಡೀತೀಯಾ? ಹಿಂದಿನ ಗೋಡೆ ಪಕ್ಕ. ಅಲ್ಲಿ ಯಾರೂ ನೋಡಲ್ಲ.”

“ಶಿಕ್ಷೆ ಕೊಟ್ಟಿದಾರೆ ಅಂದ್ಕೋತಾರೆ.”

“ಶಿಕ್ಷೆ ಸಿಸ್ಟರಿಗೆ ಅಂತ ಹೇಳು. ನನ್ನ ಮಂಡಿ ನೋಡಿದ್ರೆ ನಂಬ್ತಾರೆ.”

ಹುಡುಗಿ ನಗಲಿಲ್ಲ, ಆದರೆ ಬಂದಳು. ಮೊದಲ ಬುಧವಾರ ಗೋಡೆಯ ಪಕ್ಕ ನಾಲ್ಕು ಸಲ ಹೋಗಿ ಬಂದರು. ಮಾತಿಲ್ಲ. ಎರಡನೇ ವಾರ ಹುಡುಗಿ ಅಪ್ಪನ ಬಸ್ಸಿನ ಗೇರು ಸಿಕ್ಕಿಹಾಕಿಕೊಂಡ ಕತೆ ಹೇಳಿದಳು. ಮೂರನೇ ವಾರ ಸಿಸ್ಟರ್ ಚಪ್ಪಲಿ ಬಿಟ್ಟು ಬಿಳೀ ಶೂ ಹಾಕಿಕೊಂಡು ಬಂದರು. “ಹೊಸದಾ ಸಿಸ್ಟರ್? ರೇಸಿಗೆ ಹೊರಟ ಹಾಗಿದೆ,” ಎಂದಳು ಹುಡುಗಿ. ಸಿಸ್ಟರ್ ಈಗ ಮಂಗಳವಾರ ಸಂಜೆಯೇ ಮರುದಿನ ಏನು ಹೇಳಬೇಕೆಂದು ಯೋಚಿಸಿಡುತ್ತಿದ್ದರು. ಆಕೆಯ ಬಳಿ ಹೇಳುವಂಥದ್ದು ಇಷ್ಟಿತ್ತೆಂದು ಆಕೆಗೇ ಗೊತ್ತಿರಲಿಲ್ಲ. ವಾರ್ಡಿನ ಕೂಸುಗಳು, ತಾಯಿಯ ಕಿವಿ, ತಮ್ಮ ಸಣ್ಣವನಿದ್ದಾಗ ಮಾಡಿದ ತಂಟೆ. ಮಂಗಳವಾರ ಸಂಜೆ ಕುರ್ಚಿಯ ಮೇಲಿನ ಬಟ್ಟೆ ತೆಗೆದು ಮಡಿಸಿಡುವುದೂ ಶುರುವಾಯಿತು, ಯಾರೂ ಬರುವವರಿಲ್ಲದಿದ್ದರೂ.

ಆರನೇ ವಾರದ ಹೊತ್ತಿಗೆ ಗೋಡೆ ಸಾಲದಾಗಿ, ನಡಿಗೆ ಮೈದಾನದ ಅಂಚಿಗೆ ಬಂತು. ಒಂದು ಸುತ್ತಿಗೆ ಮೂರೂವರೆ ನಿಮಿಷ. ಹುಡುಗಿ ಮುಂದೆ ಹೋಗಿ ನಿಂತು ಕಾಯುತ್ತಿದ್ದಳು.

ಒಂಬತ್ತನೇ ಬುಧವಾರ, ಐದನೇ ಸುತ್ತು ಮುಗಿಯುವಾಗ ಮೈದಾನದಲ್ಲಿ ಆಟ ನಿಂತಿತು. ಗೋಲಿನಲ್ಲಿದ್ದ ಹುಡುಗಿಯ ಬೆರಳು ಉಳುಕಿತ್ತು. ತಂಡದವಳೊಬ್ಬಳು ಸೊಂಟಕ್ಕೆ ಕೈಯಿಟ್ಟು ಇತ್ತ ನೋಡಿದಳು.

“ಏ, ಬಾರೇ. ಗೋಲಿಗೆ ಯಾರೂ ಇಲ್ಲ.”

ಇಬ್ಬರೂ ನಿಂತರು. ಸಿಸ್ಟರ್ ಆ ಅಂಕಿ ಈಗ ಬರುತ್ತದೆ ಎಂದು ಕಾದರು. ಬರಲಿಲ್ಲ.

“ಬೇಗ ಬಾರೇ, ಸುಮ್ನೆ ನಿಂತ್ಯಲ್ಲಾ.”

ಹುಡುಗಿ ಸಿಸ್ಟರ್ ಮುಖ ನೋಡಿದಳು. “ಇನ್ನೊಂದು ಸುತ್ತು ಇದೆಯಲ್ಲ ಸಿಸ್ಟರ್.”

“ಅದು ನನ್ನ ಲೆಕ್ಕ. ನೀನು ಹೋಗು.”

ನೀರಿನ ಬಾಟಲಿಯನ್ನು ಆಕೆಯ ಕೈಗೆ ತುರುಕಿ ಹುಡುಗಿ ಓಡಿದಳು. ಮೊದಲ ಬಾಲ್ ಕೈತಪ್ಪಿ ಒಳಹೋಯಿತು. ಯಾರೋ ಏನೋ ಅಂದರು, ಅವಳು ತಿರುಗಿ ಏನೋ ಅಂದಳು. ಎರಡನೆಯದನ್ನು ಎದೆಗವಚಿ ಹಿಡಿದಳು. ಈ ಕಡೆ ನೋಡಲಿಲ್ಲ.

ಸಿಸ್ಟರ್ ಉಳಿದ ಸುತ್ತನ್ನು ಮುಗಿಸಿದರು. ಒಬ್ಬರೇ ನಡೆದಾಗ ನಾಲ್ಕೂವರೆ ನಿಮಿಷ ಹಿಡಿಯಿತು. ಬಾಟಲಿ ಇಲ್ಲಿದೆ, ನೀರು ಕುಡಿ ಎಂದು ಕೂಗಬಹುದಿತ್ತು. ಆ ದನಿಗೆ ಮೈದಾನದ ಆ ತುದಿ ಏನೂ ದೂರವಲ್ಲ. ಗೋಲಿನ ಕಂಬದ ಹಿಂದೆ, ಹುಡುಗಿ ತಿರುಗಿದರೆ ಕಣ್ಣಿಗೆ ಬೀಳುವ ಹಾಗೆ ಬಾಟಲಿಯನ್ನು ಇಟ್ಟು, ಚೀಲ ಹೆಗಲಿಗೇರಿಸಿ, ಸದ್ದಿಲ್ಲದೆ ಗೇಟಿನ ಕಡೆ ನಡೆದರು.