ಖಾಲಿ ಪಾತ್ರೆ ವಾಪಸ್ ಮಾಡಿದ ಫಂಕ್ಷನ್

ನಮ್ಮ ಹುಣಸೂರಿನಲ್ಲಿ ಫಂಕ್ಷನ್ ಅಂದರೆ ಊಟ ಇರಲೇಬೇಕು. ಹಾಗಾಗಿ, ಭಾನುವಾರ ಬೆಳಿಗ್ಗೆಯಿಂದ ಫಂಕ್ಷನ್ ಬರೆಯುತ್ತಿದ್ದೇನೆ ಎಂದಾಗ ಅತ್ತೆ ಯಾರ ಮನೆಯದು ಎಂದು ಕೇಳಿದರು. ಕಂಪ್ಯೂಟರಿನದು, ಲೆಕ್ಕ ಮಾಡಿ ಉತ್ತರ ಕೊಡುವ ನಾಲ್ಕು ಸಾಲು ಎಂದೆ. ಊಟವಿಲ್ಲದ ಫಂಕ್ಷನ್ನಿಗೆ ಇಷ್ಟು ಒದ್ದಾಟವೇ ಎಂದು ನಕ್ಕರು.

ಒದ್ದಾಟಕ್ಕೆ ಕಾರಣವಿತ್ತು. ಇಲ್ಲಿಯ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರದ ಮೇಡಂ. ಬೋರ್ಡು, ಚಾಕ್‌ಪೀಸಿನಲ್ಲೇ ಕಾಲ ಹಾಕಿದವಳು. ಈ ವರ್ಷ ಸಿಲಬಸ್ಸಿಗೆ ‘ಆರ್’ ಎಂಬ ಒಂದೇ ಅಕ್ಷರದ ಕಂಪ್ಯೂಟರ್ ಭಾಷೆ ಬಂತು. ನಿಮಗಾಗದಿದ್ದರೆ ಹೊಸ ಲೆಕ್ಚರರ್ ಆ ಪೇಪರ್ ತೆಗೆದುಕೊಳ್ಳಲಿ ಎಂದರು ಪ್ರಿನ್ಸಿಪಾಲರು. ಎಲ್ಲಿಲ್ಲದ ಹಟ ಬಂತು. ಸೋಮವಾರ ಮೊದಲ ಕ್ಲಾಸು. ಅಂದು ಎಡವಿದರೆ ಪೇಪರ್ ನನ್ನ ಕೈತಪ್ಪುತ್ತಿತ್ತು.

ನನಗೆ ಬೇಕಾದದ್ದು ಇಷ್ಟೇ: ಒಂದು ಫಂಕ್ಷನ್ ರಾಗಿ ಪೈರುಗಳ ಎತ್ತರದ ಸರಾಸರಿ ತೆಗೆಯಬೇಕು, ಇನ್ನೊಂದು ಅದನ್ನು ಇಸಿದುಕೊಂಡು ಮುಂದಿನ ಲೆಕ್ಕ ಮಾಡಬೇಕು. ಮೊದಲನೆಯದು ಸರಾಸರಿಯನ್ನು ಪರದೆಯ ಮೇಲೆ ಚೆಂದವಾಗಿ ತೋರಿಸುತ್ತಿತ್ತು. ಎರಡನೆಯದಕ್ಕೆ ಮಾತ್ರ ಏನೂ ತಲುಪುತ್ತಿರಲಿಲ್ಲ. ಸೊನ್ನೆಯಾದರೂ ಸಿಕ್ಕಿದ್ದರೆ ಸಮಾಧಾನವಿತ್ತು, ಅದೂ ಇಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಗೌರಮ್ಮ ಬಂದರು, ಹಿಂದಿನ ದಿನ ಒಬ್ಬಟ್ಟು ಕಳಿಸಿದ್ದ ಪಾತ್ರೆಗಾಗಿ. ಕಂಪಲಾಪುರದ ಅವರ ತವರಿನ ಕೈರುಚಿಯನ್ನು ನಾನು ಬಾಯ್ತುಂಬ ಹೊಗಳಿ ಪಾತ್ರೆ ಚಾಚಿದೆ. ಹಿಂದಿನಿಂದ ಅತ್ತೆ ಮೆಲ್ಲಗೆ ಹೇಳಿದರು:

“ಬಾಯ್ ಮಾತು ಬಾಯ್ಗಾಯ್ತು ಬುಡವ್ವ, ಪಾತ್ರೆಗೇನ್ ಆಕ್ದೆ?”

ಬರೀ ಪಾತ್ರೆ ವಾಪಸ್ ಕೊಡಬಾರದಲ್ಲ! ಒಂದು ಅಚ್ಚು ಬೆಲ್ಲ ಹಾಕಿ ಕೊಟ್ಟವಳೇ ಲ್ಯಾಪ್‌ಟಾಪಿಗೆ ಓಡಿದೆ. ನನ್ನ ಫಂಕ್ಷನ್ನೂ ಬಾಯಿಮಾತು ಆಡಿ ಖಾಲಿ ಪಾತ್ರೆಯನ್ನೇ ಚಾಚುತ್ತಿತ್ತು. ಆರ್‌ನಲ್ಲಿ ‘ರಿಟರ್ನ್’, ಅಂದರೆ ವಾಪಸ್ ಕೊಡು, ಎಂದು ಬರೆಯಲೇಬೇಕೆಂದಿಲ್ಲ. ಕೊನೆಯ ಸಾಲಿನ ಬೆಲೆ ಏನೋ ಅದೇ ಹೊರಗೆ ಬರುತ್ತದೆ. ನನ್ನ ಕೊನೆಯ ಸಾಲಿನಲ್ಲಿ ‘ಕ್ಯಾಟ್’ ಎಂಬ ಆಜ್ಞೆ ಕೂತಿತ್ತು. ಆ ಬೆಕ್ಕು ಉತ್ತರವನ್ನು ಪರದೆಗೆ ಬರೆಯುತ್ತದೆ, ಕೈಗೆ ಏನೂ ಕೊಡುವುದಿಲ್ಲ. ಅದರ ಕೆಳಗೆ, ಸರಾಸರಿಗೆ ನಾನಿಟ್ಟಿದ್ದ ಹೆಸರನ್ನಷ್ಟೇ ಬರೆದೆ. ಎರಡನೆಯ ಫಂಕ್ಷನ್ ಗಬಕ್ಕನೆ ಹಿಡಿದುಕೊಂಡಿತು. ಖುಷಿಗೆ ಅತ್ತೆಯ ಕೈ ಹಿಡಿದು ಕುಣಿದುಬಿಟ್ಟೆ. ಈ ಹುಡುಗಿಗೆ ಏನಾಯ್ತೋ ಎಂದು ಅವರು ಗಾಬರಿಯಾದರು.

ಸೋಮವಾರ ಕ್ಲಾಸಿನಲ್ಲಿ ಎಲ್ಲವೂ ಸರಾಗವಾಗಿ ಓಡಿತು. ಮಕ್ಕಳು ತಲೆಯಾಡಿಸಿದರು. ನಾನು ಬೀಗುವಷ್ಟರಲ್ಲಿ ಒಂದು ಅನುಮಾನ ಚುಚ್ಚಿತು: ಇಷ್ಟು ವರ್ಷ ಬೋರ್ಡು ತುಂಬ ಬರೆದೆನಲ್ಲ, ಅದು ಮಕ್ಕಳ ಕೈಗೆ ಕೊಟ್ಟದ್ದೋ, ಬರೀ ತೋರಿಸಿದ್ದೋ?

ಪರದೆ ಅಳಿಸಿ, ಗಾವಡಗೆರೆಯಿಂದ ಕಾಲೇಜಿಗೆ ಬರುವ ಹುಡುಗಿಯೊಬ್ಬಳನ್ನು ಕರೆದು ಕೀಬೋರ್ಡ್ ಬಿಟ್ಟುಕೊಟ್ಟೆ. ಅವಳು ತನ್ನದೇ ಫಂಕ್ಷನ್ ಬರೆದಳು, ತಪ್ಪಿದಳು, ತಿದ್ದಿದಳು. ಉತ್ತರ ಬಂತು. ಅವಳು ನಕ್ಕಳು. ಪೇಪರ್ ನನ್ನದೇ ಎಂದು ನನಗೆ ಖಾತ್ರಿಯಾದದ್ದು ಆಗ.